ಸಲಿವನ್ ನಕ್ಕ ಹೊತ್ತು

ಕೇಳುಗರಿಗೆ ನಮಸ್ಕಾರ.

ನಗಿಸುವ ಚಿತ್ರಗಳಿಂದಲೇ ಹೆಸರು, ಹಣ ಗಳಿಸಿದ ನಿರ್ದೇಶಕನೊಬ್ಬನಿಗೆ ತನ್ನ ಕಸುಬೇ ನಾಚಿಕೆ ತರುತ್ತದೆ. ಜನ ಕೆಲಸವಿಲ್ಲದೆ ಅಲೆಯುವಾಗ ಹಾಸ್ಯವೇಕೆ, ಬಡವರ ಸಂಕಟದ ಬಗ್ಗೆ ಗಂಭೀರ ಚಿತ್ರ ಮಾಡುತ್ತೇನೆ ಎಂದು ಹಟ ಹಿಡಿಯುತ್ತಾನೆ. 1941ರ ಹಾಲಿವುಡ್ ಚಿತ್ರ 'ಸಲಿವನ್ಸ್ ಟ್ರಾವೆಲ್ಸ್' ಶುರುವಾಗುವುದು ಹೀಗೆ. ಬರೆದು ನಿರ್ದೇಶಿಸಿದವರು ಪ್ರೆಸ್ಟನ್ ಸ್ಟರ್ಜಸ್. ಸಲಿವನ್ ಪಾತ್ರದಲ್ಲಿ ಜೋಯೆಲ್ ಮೆಕ್ರಿ, ಜೊತೆಗಾತಿಯಾಗಿ ವೆರೋನಿಕಾ ಲೇಕ್.

ವಿಡಂಬನೆಯ ಮೊದಲ ಏಟು ಬೀಳುವುದು ಸಲಿವನ್ ಮೇಲೆಯೇ. ಸ್ಟುಡಿಯೊದ ಉಡುಪಿನ ವಿಭಾಗದಿಂದ ತಂದ ಹರಕು ಬಟ್ಟೆ ತೊಟ್ಟು, ಜೇಬಿನಲ್ಲಿ 10 ಸೆಂಟ್ ಇಟ್ಟುಕೊಂಡು ಆತ ಹೊರಡುತ್ತಾನೆ. ಹಿಂದೆಯೇ ಡಾಕ್ಟರು, ಅಡುಗೆಯವನು, ಛಾಯಾಗ್ರಾಹಕ, ಪ್ರಚಾರದವರು ತುಂಬಿದ ದೊಡ್ಡ ವಾಹನ! ಬಡವರಿಗೆ ಬಡತನ ಗೊತ್ತೇ ಇದೆ, ಅದರಲ್ಲಿ ಸೊಗಸು ಕಾಣುವವರು ಉಳ್ಳವರು ಮಾತ್ರ ಎಂದು ಮನೆಯ ಬಟ್ಲರ್ ಮೊದಲೇ ಎಚ್ಚರಿಸಿರುತ್ತಾನೆ. ಸಲಿವನ್ ಕಿವಿಗೆ ಹಾಕಿಕೊಳ್ಳುವುದಿಲ್ಲ.

ಮುಂದೆ ನಿರಾಶ್ರಿತರ ನಡುವೆ ಕೆಲವು ನಿಮಿಷ ಮಾತೇ ಇಲ್ಲದೆ ಸಾಗುವ ದೃಶ್ಯಸರಣಿ ಬರುತ್ತದೆ. ಆಮೇಲೆ ಆತ ಐದೈದು ಡಾಲರಿನ ನೋಟು ಹಂಚುವಾಗ ಕಳ್ಳನೊಬ್ಬ ಹೊಡೆದು ದೋಚುತ್ತಾನೆ. ಸಲಿವನ್‌ನ ಗುರುತಿನ ಚೀಟಿ ಅಡಗಿಸಿದ್ದ ಬೂಟುಗಳು ಮೊದಲೇ ಆ ಕಳ್ಳನ ಕಾಲಿನಲ್ಲಿವೆ. ಅವನು ರೈಲಿಗೆ ಸಿಕ್ಕಿ ಸತ್ತಾಗ ಸತ್ತವನು ಸಲಿವನ್ ಎಂದೇ ಲೋಕ ನಂಬುತ್ತದೆ. ಇತ್ತ ಪ್ರಜ್ಞೆ ಮಂಕಾದ ನಿಜವಾದ ಸಲಿವನ್ ರೈಲ್ವೆ ನೌಕರನೊಬ್ಬನನ್ನು ಹೊಡೆದು, ಆರು ವರ್ಷಗಳ ಕಠಿಣ ಶಿಕ್ಷೆಗೆ ಗುರಿಯಾಗುತ್ತಾನೆ. ಈಗ ಹಿಂದೆ ಯಾವ ವಾಹನವೂ ಇಲ್ಲ.

ಚಿತ್ರದ ಜೀವ ಇರುವುದು ಕಪ್ಪು ಜನರ ಪುಟ್ಟ ಚರ್ಚೊಂದರಲ್ಲಿ. ಅಂದು ಸಂಜೆ ಅಲ್ಲಿ ಸಿನಿಮಾ ತೋರಿಸುತ್ತಾರೆ, ಕೈದಿಗಳಿಗೂ ಕರೆ ಇದೆ. ಬರುವವರನ್ನು ಮಾತಿನಿಂದಾಗಲಿ ನೋಟದಿಂದಾಗಲಿ ನೋಯಿಸಬೇಡಿ ಎಂದು ಪಾದ್ರಿ ಸಭೆಗೆ ಹೇಳುತ್ತಾರೆ. ಹಾಡಿನ ನಡುವೆ ಸರಪಳಿಗಳ ಸದ್ದು. ದೀಪ ಆರುತ್ತದೆ. ಪರದೆಯ ಮೇಲೆ ಡಿಸ್ನಿಯ 1934ರ ವ್ಯಂಗ್ಯಚಿತ್ರ 'ಪ್ಲೇಫುಲ್ ಪ್ಲೂಟೊ': ನೊಣ ಹಿಡಿಯುವ ಅಂಟುಕಾಗದಕ್ಕೆ ಸಿಕ್ಕಿಬಿದ್ದ ನಾಯಿ.

ಈ ನಗು ಹುಟ್ಟುವ ಬಗೆ ನೋಡಿ. ಇರುವುದು ಒಂದೇ ತೊಂದರೆ. ನಾಯಿ ಅದನ್ನು ಒಂದು ಕಡೆಯಿಂದ ಬಿಡಿಸಿಕೊಂಡರೆ ಇನ್ನೊಂದು ಕಡೆ ಅಂಟುತ್ತದೆ. ನಡುನಡುವೆ ನಾಯಿ ನಿಂತು ಯೋಚಿಸುತ್ತದೆ. ಮುಂದಿನದನ್ನು ನಾವು ಅದಕ್ಕಿಂತ ಮೊದಲೇ ಊಹಿಸುವುದು ಆ ಬಿಡುವಿನಲ್ಲಿ, ನಗು ಉಕ್ಕುವುದೂ ಅಲ್ಲೇ. ಬಿಡುವು ತೆಗೆದರೆ ಬರೀ ಗದ್ದಲ ಉಳಿಯುತ್ತದೆ. ಇಲ್ಲಿ ಚಾಪ್ಲಿನ್ ಚಿತ್ರದ ತುಣುಕು ಬಳಸಬೇಕೆಂದು ಸ್ಟರ್ಜಸ್ ಬಯಸಿದ್ದರು, ಅನುಮತಿ ಸಿಗಲಿಲ್ಲ. ಸಿಗದೆ ಹೋದದ್ದೇ ಒಳ್ಳೆಯದಾಯಿತು. ಕಾಲಿಗೆ ಸರಪಳಿ ಬಿದ್ದವರ ಮುಂದೆ, ಬಿಡಿಸಿಕೊಳ್ಳಲಾಗದ ಈ ನಾಯಿಗಿಂತ ಹತ್ತಿರದ ಜೀವ ಇನ್ನಾವುದು?

ಸುತ್ತಲಿನವರೆಲ್ಲ ನಗುವಾಗ ಸಲಿವನ್ ಮೊದಲು ಬೆರಗಿನಿಂದ ನೋಡುತ್ತಾನೆ. ಆಮೇಲೆ ನಗು ಅವನನ್ನೂ ಹಿಡಿಯುತ್ತದೆ. ನಾನು ನಗುತ್ತಿದ್ದೇನೆಯೆ ಎಂದು ಪಕ್ಕದವನನ್ನೇ ಕೇಳುತ್ತಾನೆ. ಅಷ್ಟು ಕಾಲ ನಗಿಸಿದವನು, ನಗು ಬೇಕಾದವರ ಸಾಲಿನಲ್ಲಿ ಕೂತದ್ದು ಅಂದೇ.

ಚರ್ಚಿನ ಜನರನ್ನು ಇಷ್ಟು ಗೌರವದಿಂದ ತೋರಿಸಿದ್ದಕ್ಕೆ ಅಮೆರಿಕದ ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡುವ ಎನ್‌ಎಎಸಿಪಿ ಸಂಸ್ಥೆಯ ವಾಲ್ಟರ್ ವೈಟ್ ಸ್ಟರ್ಜಸ್‌ಗೆ ಮೆಚ್ಚುಗೆಯ ಪತ್ರ ಬರೆದರು. ಹಾಗಿದ್ದೂ ಇದೇ ಚಿತ್ರದ ಮೊದಲ ಭಾಗದಲ್ಲಿ ಕಪ್ಪು ಅಡುಗೆಯವನನ್ನು ಅಂದಿನ ಹಾಲಿವುಡ್ಡಿನ ಸವಕಲು ಕೀಟಲೆಗೆ ಗುರಿಮಾಡಿದ್ದಾರೆ. ಆ ಕೊರತೆಯನ್ನು ಮರೆಮಾಚಬೇಕಾಗಿಲ್ಲ.

ಸಲಿವನ್‌ನನ್ನು ಕೊಂದವನು ತಾನೇ ಎಂದು ಒಪ್ಪಿಕೊಂಡು, ಪತ್ರಿಕೆಯಲ್ಲಿ ಫೋಟೊ ಬರುವಂತೆ ಮಾಡಿ ಸಲಿವನ್ ಪಾರಾಗುತ್ತಾನೆ. ಈಗ ಗಂಭೀರ ಚಿತ್ರ ಬೇಕೆನ್ನುವವರು ಸ್ಟುಡಿಯೊದವರು, ಬೇಡವೆನ್ನುವವನು ಇವನು. ಕೊನೆಗೆ ಆತ ನಗುವಿನ ಬೆಲೆಯನ್ನು ಮಾತಿನಲ್ಲಿ ವಿವರಿಸುವುದು ಚರ್ಚಿನ ದೃಶ್ಯದ ಮುಂದೆ ಸಪ್ಪೆ.

ಚಲನಚಿತ್ರ ಸಂಘಗಳಿಗೆ ಒಂದು ಮಾತು. ಚರ್ಚಿನ ದೃಶ್ಯವನ್ನಷ್ಟೇ ಕತ್ತರಿಸಿ ತೋರಿಸಬೇಡಿ. ಹಿಂದಿನ ಅಲೆದಾಟವನ್ನೂ ಜೈಲನ್ನೂ ನೋಡದವರಿಗೆ ಅಲ್ಲಿ ಕಾಣುವುದು ಒಂದು ನಾಯಿ, ಒಂದು ಕಾಗದ, ಅಷ್ಟೇ. ಇಡೀ ಚಿತ್ರ ಇರುವುದೇ ಒಂದೂವರೆ ಗಂಟೆ, ಪೂರ್ತಿ ತೋರಿಸಿ.