ಅಜ್ಜನ ಕಳ್ಳ, ಮೊಮ್ಮಗಳ ವೇಷ: ಬಿ. ಜಯಶ್ರೀ ಕಥೆ

ದೃಶ್ಯ: ತುಮಕೂರಿನ ಗುಬ್ಬಿ ವೀರಣ್ಣ ಕಲಾಕ್ಷೇತ್ರದ ಮುಂಭಾಗ.

ನಿರೂಪಣೆ: ನಮಸ್ಕಾರ. ತುಮಕೂರಿನವರಿಗೆ ಈ ಕಟ್ಟಡ ಗೊತ್ತೇ ಇದೆ. ಶಾಲೆ ವಾರ್ಷಿಕೋತ್ಸವಕ್ಕೋ, ಯಾರದೋ ಸನ್ಮಾನಕ್ಕೋ ಒಮ್ಮೆಯಾದ್ರೂ ಒಳಗೆ ಕೂತಿರ್ತೀವಿ. ಬಾಗಿಲ ಮೇಲಿರೋ ಆ ಹೆಸರಿನವರ ಮೊಮ್ಮಗಳು ರಂಗನಟಿ ಬಿ. ಜಯಶ್ರೀ. ಇವತ್ತು ಅವರ ಕಥೆ.

ದೃಶ್ಯ: ಗುಬ್ಬಿ ಪೇಟೆ, ಚನ್ನಬಸವೇಶ್ವರ ದೇವಸ್ಥಾನ.

ನಿರೂಪಣೆ: ಇಲ್ಲಿಂದ ಸುಮಾರು 20 ಕಿಲೋಮೀಟರ್ ಹೋದ್ರೆ ಗುಬ್ಬಿ. 1884ರಲ್ಲಿ ಇಲ್ಲೊಂದು ನಾಟಕ ಕಂಪನಿ ಹುಟ್ಟಿತು, ಊರದೇವರು ಚನ್ನಬಸವೇಶ್ವರನ ಹೆಸರಲ್ಲಿ. ಹುಡುಗನಾಗಿದ್ದಾಗಲೇ ಸೇರಿದ ವೀರಣ್ಣ ಮುಂದೆ ಅದರ ಯಜಮಾನರಾದ್ರು. ಆ ಕಾಲದಲ್ಲಿ ಸ್ತ್ರೀಪಾತ್ರಕ್ಕೂ ಗಂಡಸರೇ ಸೀರೆ ಉಡ್ತಿದ್ರು. ಹೆಣ್ಣುಮಗಳು ಬಣ್ಣ ಹಚ್ಚಿದ್ರೆ ಊರೇ ಮೂಗು ಮುರೀತಿತ್ತು. ವೀರಣ್ಣ ಅದಕ್ಕೆ ಸೊಪ್ಪು ಹಾಕದೆ ಹೆಣ್ಣುಮಕ್ಕಳನ್ನೇ ರಂಗಕ್ಕೆ ಕರೆತಂದ್ರು. ಪತ್ನಿ ಬಿ. ಜಯಮ್ಮ ಹೆಸರಾಂತ ನಟಿ. ಮಗಳು ಮಾಲತಮ್ಮನೂ ನಟಿ. ಆ ಮಾಲತಮ್ಮನ ಮಗಳೇ 1950ರಲ್ಲಿ ಹುಟ್ಟಿದ ಜಯಶ್ರೀ.

ಕಂಪನಿ ಅಂದ್ರೆ ಕ್ಯಾಂಪ್ ಬದುಕು. ಒಂದೂರಲ್ಲಿ ಟೆಂಟ್ ಹಾಕಿ ತಿಂಗಳುಗಟ್ಟಲೆ ನಾಟಕ, ಆಮೇಲೆ ಪರದೆ ಸುತ್ತಿ ಇನ್ನೊಂದೂರಿಗೆ. ಆ ಹಾರ್ಮೋನಿಯಂ ಸದ್ದಿನಲ್ಲೇ ಬೆಳೆದ ಹುಡುಗಿ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಗೆ ಹೋಗಿ, ರಂಗ ನಿರ್ದೇಶಕ ಇಬ್ರಾಹಿಂ ಅಲ್ಕಾಜಿ ಹತ್ರ ಕಲಿತು, 1973ರಲ್ಲಿ ಪದವಿ ಪಡೆದ್ರು. 1976ರಲ್ಲಿ ‘ಸ್ಪಂದನ’ ತಂಡ ಕಟ್ಟಿದ್ರು.

ನನಗೆ ಅವರ ಬಗ್ಗೆ ಅತೀ ಗೌರವ ಹುಟ್ಟೋದು ಇಲ್ಲೇ. ಓದಿ ಬಂದವರು ಕಂಪನಿ ನಾಟಕವನ್ನ ಹಳೇ ಸರಕು ಅಂತ ಬದಿಗೆ ತಳ್ಳಬಹುದಿತ್ತು. ಇವರು ಅಜ್ಜನ ಪೆಟ್ಟಿಗೆಯಿಂದ ‘ಸದಾರಮೆ’ ನಾಟಕವನ್ನೇ ಮತ್ತೆ ಹೊರತೆಗೆದ್ರು.

ದೃಶ್ಯ: ಕತ್ತಲ ರಂಗ, ನಡುವೆ ಒಂದೇ ಬೆಳಕು.

ನಿರೂಪಣೆ: ‘ಸದಾರಮೆ’ಯ ಕಳ್ಳ ಅಂದ್ರೆ ವೀರಣ್ಣ. ಜನ ನಕ್ಕು ನಕ್ಕು ಸುಸ್ತಾಗ್ತಿದ್ದ ಪಾತ್ರ ಅದು. ಆ ಕಳ್ಳನ ವೇಷವನ್ನ ಜಯಶ್ರೀ ತಾವೇ ತೊಟ್ರು! ಗಂಡಸರು ಸೀರೆ ಉಡ್ತಿದ್ದ ಅದೇ ಪರಂಪರೆಯಲ್ಲಿ, ಮೊಮ್ಮಗಳು ಅಜ್ಜನ ಪಾತ್ರಕ್ಕೆ ಇಳಿದ್ರು. ಆ ದೊಡ್ಡ ಕಂಠ ಕೇಳಬೇಕು ನೀವು, ಮೈಕ್ ಇಲ್ಲದ ಕಾಲದ ನಟರ ಗಂಟಲು.

‘ಕಾರ್ ಕಾರ್’ ಹಾಡು ನೆನಪಿದ್ಯಾ? ಆ ದನಿ ಇವರದೇ. ಸಿನಿಮಾ, ಧಾರಾವಾಹಿಗಳಲ್ಲೂ ನಟಿಸಿದ್ರು, ಬೇರೆ ನಾಯಕಿಯರಿಗೆ ದನಿ ಕೊಟ್ರು. 1996ರಲ್ಲಿ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ, 2010ರಲ್ಲಿ ರಾಜ್ಯಸಭೆಗೆ ನಾಮನಿರ್ದೇಶನ, 2013ರಲ್ಲಿ ಪದ್ಮಶ್ರೀ.

ದೃಶ್ಯ: ಮತ್ತೆ ಕಲಾಕ್ಷೇತ್ರ, ಖಾಲಿ ಕುರ್ಚಿಗಳು.

ನಿರೂಪಣೆ: ನಿಮ್ಮ ಮನೇಲಿ ಗುಬ್ಬಿ ಕಂಪನಿ ನಾಟಕ ಕಣ್ಣಾರೆ ನೋಡಿದ ಅಜ್ಜ-ಅಜ್ಜಿ ಇದ್ರೆ, ಇವತ್ತೇ ಪಕ್ಕ ಕೂತು ಅವರ ಮಾತು ಫೋನಲ್ಲಿ ರೆಕಾರ್ಡ್ ಮಾಡ್ಕೊಳ್ಳಿ. ಯಾವ ಊರಿನ ಕ್ಯಾಂಪು, ಯಾವ ನಾಟಕ, ಯಾವ ಹಾಡು ಇನ್ನೂ ಬಾಯಲ್ಲಿದೆ ಅಂತ ಮೊದಲು ಕೇಳಿ.