ಬಾಟಲಿ ಒಡೆಯುವ ಮ್ಯಾಜಿಕ್: ದುಬಾರಿ ಸಾಮಾನು ಬೇಡ, ಸಕ್ಕರೆ ಪಾಕ ಸಾಕು

ನಮಸ್ಕಾರ. ನಾನಿರುವುದು ಮುಂಬೈನ ಮಾಟುಂಗಾದಲ್ಲಿ. ಗಣೇಶೋತ್ಸವ ಹತ್ತಿರ ಬಂತು, ನಮ್ಮ ಬಿಲ್ಡಿಂಗ್ ಹುಡುಗರು ಸ್ಟೇಜ್ ಮೇಲೆ ಬಾಟಲಿ ಒಡೆಯಬೇಕಂತೆ. "ಅಕ್ಕಾ, ಕಡಿಮೆ ಖರ್ಚಿನಲ್ಲಿ ಕಲಿಯುವುದು ಹೇಗೆ?"

ಬೇಡದ್ದನ್ನು ಮೊದಲು ಹೇಳಿಬಿಡುತ್ತೇನೆ. ನೀರು ತುಂಬಿದ ಗಾಜಿನ ಬಾಟಲಿಯ ಬಾಯಿಗೆ ಅಂಗೈಯಿಂದ ಹೊಡೆದು ತಳ ಉದುರಿಸುವ ವಿಡಿಯೋ ನೋಡಿರುತ್ತೀರಿ ಅಲ್ವಾ? ಏಟಿಗೆ ಬಾಟಲಿ ಥಟ್ಟನೆ ಕೆಳಗೆ ಸರಿಯುತ್ತದೆ, ತಳದಲ್ಲಿ ಒತ್ತಡ ಇಳಿದು ಗುಳ್ಳೆಗಳು ಹುಟ್ಟುತ್ತವೆ, ಅವು ಮರುಕ್ಷಣ ಕುಸಿದಾಗ ಬೀಳುವ ಪೆಟ್ಟಿಗೆ ಗಾಜು ಬಿರಿಯುತ್ತದೆ. ಸೋಡಾ ತುಂಬಿದರೆ ಆಗುವುದಿಲ್ಲ, ಗ್ಯಾಸ್ ಆ ಪೆಟ್ಟನ್ನು ಮೆತ್ತಗೆ ಮಾಡುತ್ತದೆ. ಖರ್ಚಿಲ್ಲ, ನಿಜ. ಆದರೆ ಒಡೆಯುವುದು ನಿಜವಾದ ಗಾಜು, ಕುತ್ತಿಗೆ ನಿಮ್ಮ ಕೈಯಲ್ಲೇ ಇರುತ್ತದೆ. ಬೇಡವೇ ಬೇಡ.

ಬೊಲೊನ್ಯಾ ಬಾಟಲಿ ಅಂತ ಇನ್ನೊಂದಿದೆ, ಹೊರಗೆ ಗಟ್ಟಿ, ಒಳಗೆ ಗೀರು ಬಿದ್ದರೆ ಒಡೆಯುವ ವಿಶೇಷ ಗಾಜಿನದ್ದು. ಅದರಿಂದ ಮೊಳೆ ಹೊಡೆಯಬಹುದು, ಒಳಗೆ ಚೂಪಾದ ಕಲ್ಲಿನ ಚೂರು ಬಿದ್ದರೆ ಮಾತ್ರ ಪುಡಿಪುಡಿ. ಚಂದವೇ, ಆದರೆ ಒಂದು ಬಾಟಲಿ ಒಂದೇ ಆಟಕ್ಕೆ. ಕಲಿಯುವವರಿಗೆ ಹೇಳಿದ್ದಲ್ಲ.

ನನ್ನ ಮಾತು ಕೇಳಿದರೆ ಸಕ್ಕರೆ ಬಾಟಲಿ, ಅಂದರೆ ಗಾಜಿನ ಹಾಗೆ ಕಾಣುವ, ಸಕ್ಕರೆ ಪಾಕದಿಂದ ಮಾಡಿದ ಬಾಟಲಿ. ಸಕ್ಕರೆ, ನೀರು, ಲಿಕ್ವಿಡ್ ಗ್ಲೂಕೋಸ್ ಸೇರಿಸಿ ಸುಮಾರು 150 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ. ಥರ್ಮಾಮೀಟರ್ ಇಲ್ವಾ? ಒಂದು ಹನಿ ತಣ್ಣೀರಿಗೆ ಬಿಡಿ, ಬಗ್ಗದೆ ಕಟ್ ಅಂತ ಮುರಿದರೆ ಪಾಕ ಬಂದಿದೆ, ಚಿಕ್ಕಿ ಮಾಡಿದವರಿಗೆ ಇದು ಗೊತ್ತೇ ಇರುತ್ತದೆ. ಬಾಟಲಿ ಆಕಾರದ ಸಿಲಿಕೋನ್ ಅಚ್ಚಿಗೆ ಸುರಿದು, ಸುತ್ತಲೂ ಅಂಟುವ ಹಾಗೆ ತಿರುಗಿಸಿ, ಜಾಸ್ತಿ ಇದ್ದದ್ದನ್ನು ಚೆಲ್ಲಿ. ಈ ಪಾಕ ಚರ್ಮಕ್ಕೆ ಅಂಟಿದರೆ ಬಿಡುವುದಿಲ್ಲ, ಕುದಿಯುವ ನೀರಿಗಿಂತ ಕೆಟ್ಟದಾಗಿ ಸುಡುತ್ತದೆ. ಅದಕ್ಕೇ ಒಲೆಯ ಕೆಲಸ ದೊಡ್ಡವರದ್ದು.

ನಮ್ಮ ಮುಂಬೈ ಮಳೆಗಾಲ ಇದಕ್ಕೆ ಶತ್ರು. ಸಕ್ಕರೆ ತೇವ ಎಳೆದುಕೊಳ್ಳುತ್ತದೆ. ಹೋದ ವರ್ಷ ಹಿಂದಿನ ದಿನವೇ ಮಾಡಿ ಸುಮ್ನೆ ಮೇಜಿನ ಮೇಲಿಟ್ಟಿದ್ದೆ, ಸಂಜೆಗೆ ಕೈಗೆ ಅಂಟುತ್ತಿತ್ತು, ಹುಡುಗ ಹೊಡೆದರೆ ಒಡೆಯಲೇ ಇಲ್ಲ, ಅವನ ಮುಖ ನೋಡಲಾಗಲಿಲ್ಲ. ಆಟದ ದಿನವೇ ಮಾಡಿ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ.

ಆದರೆ ಕಲಿಯಬೇಕಾದ್ದು ಬಾಟಲಿ ಒಡೆಯುವುದನ್ನಲ್ಲ, ಬದಲಾಯಿಸುವುದನ್ನು. ಮೊದಲು ನಿಜವಾದ ಬಾಟಲಿಯನ್ನು ಮೇಜಿಗೆ ಟಣ್ ಅಂತ ತಟ್ಟಿ, ಜನ ಆ ಸದ್ದು ನಂಬಲಿ. ಆಮೇಲೆ ಬಟ್ಟೆಯ ಮರೆಯಲ್ಲಿ ಸಕ್ಕರೆಯದ್ದು ಕೈಗೆ ಬರಬೇಕು. ಇದನ್ನು ಅಷ್ಟೇ ದೊಡ್ಡ ಪ್ಲಾಸ್ಟಿಕ್ ಬಾಟಲಿ ಹಿಡಿದು ಕನ್ನಡಿ ಮುಂದೆ ವಾರಗಟ್ಟಲೆ ಮಾಡಿ, ಒಂದು ಪೈಸೆಯೂ ಬೇಡ.

ಒಡೆಯುವಾಗ ಕನ್ನಡಕ ಹಾಕಿ, ಮೇಜಿನ ಅಂಚಿಗೇ ಹೊಡೆಯಿರಿ, ಯಾರ ತಲೆಗೂ ಅಲ್ಲ. ಸಕ್ಕರೆ ಚೂರೂ ಚುಚ್ಚುತ್ತದೆ. ನಿಮ್ಮ ನಂತರ ಬರಿಗಾಲಲ್ಲಿ ಕುಣಿಯುವ ಮಕ್ಕಳಿದ್ದರೆ, ಸ್ಟೇಜ್ ಗುಡಿಸಿ ಒದ್ದೆ ಬಟ್ಟೆಯಿಂದ ಒರೆಸಿಯೇ ಇಳಿಯಿರಿ.