ಮನೆಯೊಳಗಿನ ಸೋಲು

ಕೇಳುಗರಿಗೆ ನಮಸ್ಕಾರ.

ಸಂಸ್ಕೃತಿಗಳ ನಡುವೆ ಕೊಡುಕೊಳ್ಳುವಿಕೆ ಎಂದಿನಿಂದಲೂ ಇದೆ. ಗ್ರೀಸನ್ನು ಗೆದ್ದ ರೋಮನ್ನರೇ ತಮ್ಮ ಮಕ್ಕಳಿಗೆ ಗ್ರೀಕ್ ಕಲಿಸಿದರು, ಸೋತವರ ತತ್ತ್ವಶಾಸ್ತ್ರವನ್ನು ಆಸೆಪಟ್ಟು ಓದಿದರು. ಬೇಡವೆನ್ನುವ ಅಧಿಕಾರ ಅವರ ಕೈಯಲ್ಲೇ ಇತ್ತು. ಆ ಅಧಿಕಾರ ಇಲ್ಲದವರ ಪಾಡು ಬೇರೆ. ಇಂದು ನನ್ನ ಮಾತು ಅವರ ಬಗ್ಗೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟನ್ನಿನ ಭಾಗವಾದ ವೇಲ್ಸ್‌ನ ಹಲವು ಶಾಲೆಗಳಲ್ಲಿ ಅಲ್ಲಿನವರದೇ ಭಾಷೆಯಾದ ವೆಲ್ಷ್ ಮಾತನಾಡಿದ ಮಗುವಿನ ಕೊರಳಿಗೆ ಮರದ ತುಂಡೊಂದನ್ನು ನೇತುಹಾಕುತ್ತಿದ್ದರು. ಮತ್ತೊಂದು ಮಗುವಿನ ಬಾಯಲ್ಲಿ ವೆಲ್ಷ್ ಮಾತು ಬಂದರೆ ಅದು ಆ ಕೊರಳಿಗೆ ದಾಟುತ್ತಿತ್ತು. ಶಾಲೆ ಬಿಡುವಾಗ ಯಾರ ಕೊರಳಲ್ಲಿ ಉಳಿದಿರುತ್ತದೋ ಅವರಿಗೆ ಏಟು. ಎಂಥ ಕ್ರೂರ ಜಾಣತನ! ಕಾವಲಿಗೆ ಮೇಷ್ಟರು ಬೇಕಿಲ್ಲ. ಗೆಳೆಯನ ಬಾಯನ್ನು ಗೆಳೆಯನೇ ಕಾಯುತ್ತಾನೆ. ಹೀಗೆ ಮಾಡಿ ಎಂದು ಯಾವ ಕಾನೂನೂ ಹೇಳಿರಲಿಲ್ಲ. ಎಷ್ಟೋ ತಂದೆತಾಯಂದಿರು ಇದಕ್ಕೆ ಒಪ್ಪಿಯೂ ಇದ್ದರು. ಅವರನ್ನು ದೂರಲು ನನಗೆ ಮನಸ್ಸಾಗುವುದಿಲ್ಲ. ನ್ಯಾಯಾಲಯದ ಭಾಷೆ ಇಂಗ್ಲಿಷ್, ಒಳ್ಳೆಯ ನೌಕರಿಯ ಭಾಷೆಯೂ ಇಂಗ್ಲಿಷ್. ವೆಲ್ಷ್ ಬಾರದ ಮೂವರು ಅಧಿಕಾರಿಗಳು 1847ರಲ್ಲಿ ಬರೆದ ಸರ್ಕಾರಿ ವರದಿಯಂತೂ ಜನರ ಹಿಂದುಳಿದ ಸ್ಥಿತಿಗೆ ಅವರ ಭಾಷೆಯನ್ನೇ ಹೊಣೆ ಮಾಡಿತ್ತು. 1891ರಲ್ಲಿ ವೇಲ್ಸ್‌ನ ಅರ್ಧಕ್ಕಿಂತ ಹೆಚ್ಚು ಜನ ವೆಲ್ಷ್ ಆಡುತ್ತಿದ್ದರು. 1991ರ ವೇಳೆಗೆ ಅವರು ಐದರಲ್ಲಿ ಒಂದು ಪಾಲಿಗಿಂತಲೂ ಕಡಿಮೆಯಾಗಿದ್ದರು.

ಬರೀ ನಿಷೇಧವಾದರೆ ಜನ ಕದ್ದುಮುಚ್ಚಿಯಾದರೂ ಮೀರುತ್ತಾರೆ. ಕೆನಡಾದ ಪಶ್ಚಿಮ ಕರಾವಳಿಯ ಮೂಲನಿವಾಸಿಗಳಲ್ಲಿ ಪಾಟ್ಲ್ಯಾಚ್ ಎಂಬ ಆಚರಣೆಯಿದೆ. ಔತಣವಿಟ್ಟು, ಬಂದವರಿಗೆಲ್ಲ ಸಂಪತ್ತನ್ನು ಹಂಚುವುದು ಅದರ ರೀತಿ. 1885ರಿಂದ 1951ರವರೆಗೆ ಅದು ಅಪರಾಧವಾಗಿತ್ತು. ಆದರೂ ಗುಟ್ಟಾಗಿ ನಡೆಯಿತು, ಉಳಿಯಿತು. ಅದೇ ದೇಶದಲ್ಲಿ ಮೂಲನಿವಾಸಿ ಮಕ್ಕಳಿಗೆಂದೇ ಇದ್ದ ವಸತಿ ಶಾಲೆಗಳು ಹೆಚ್ಚು ಆಳದ ಗಾಯ ಮಾಡಿದವು. ಸುಮಾರು 1,50,000 ಮಕ್ಕಳನ್ನು ಮನೆಯಿಂದ ದೂರವಿಟ್ಟು, ಕೂದಲು ಕತ್ತರಿಸಿ, ಮನೆಮಾತಿಗೆ ಶಿಕ್ಷೆ ಕೊಟ್ಟು ಬೆಳೆಸಿದರು. ಅವರಲ್ಲಿ ಎಷ್ಟೋ ಜನ ಮುಂದೆ ತಾವು ತಾಯಿ ತಂದೆಯಾದಾಗ ಆ ಭಾಷೆಯನ್ನು ಮಕ್ಕಳಿಗೆ ಹೇಳಿಕೊಡಲಿಲ್ಲ. ತಮಗೆ ಬಿದ್ದ ಏಟು ಮಕ್ಕಳಿಗೆ ಬೀಳದಿರಲಿ ಎಂಬುದಷ್ಟೇ ಅವರ ಆಸೆ. ಪ್ರೀತಿಯನ್ನೇ ತನ್ನ ಕೆಲಸಕ್ಕೆ ಹಚ್ಚಿಕೊಳ್ಳುವ ಈ ಅಧಿಕಾರಕ್ಕಿಂತ ಭಯಂಕರವಾದದ್ದನ್ನು ನಾನು ಕಾಣೆ.

ಮನೆಯಲ್ಲಿ ಕಳೆದುಹೋದದ್ದನ್ನು ಸರ್ಕಾರಿ ಆದೇಶವೊಂದೇ ಮರಳಿ ತರಲಾರದು. ನ್ಯೂಜಿಲೆಂಡಿನ ಮೂಲನಿವಾಸಿಗಳಾದ ಮಾವೋರಿಗಳಿಗೆ ಇದು ಗೊತ್ತಿತ್ತು. ಅವರಲ್ಲಿ ಭಾಷೆ ಅಜ್ಜ ಅಜ್ಜಿಯರ ಬಳಿ ಉಳಿದಿತ್ತು. ನಡುವಿನ ತಲೆಮಾರಿನ ಬಹುಪಾಲು ಜನರಿಗೆ ಬರುತ್ತಿರಲಿಲ್ಲ. 1982ರಲ್ಲಿ ಅವರು ಕೋಹಂಗಾ ರಿಯೊ ಎಂಬ ಶಿಶುವಿಹಾರಗಳನ್ನು ತೆರೆದು, ಹಾಲುಗಲ್ಲದ ಮಕ್ಕಳನ್ನು ಹಿರಿಯರ ನಡುವೆ ಬಿಟ್ಟರು. ಅಲ್ಲಿ ಮಾವೋರಿ ಬಿಟ್ಟು ಬೇರೆ ಮಾತಿಲ್ಲ. ಮಕ್ಕಳು ಬೆಳೆದು ಹೊರಬಂದಾಗ ಅವರ ಭಾಷೆಯಲ್ಲಿ ಕಲಿಸುವ ಶಾಲೆಗಳಿರಲಿಲ್ಲ. 1985ರಲ್ಲಿ ಸಮುದಾಯವೇ ಶಾಲೆಯನ್ನೂ ಕಟ್ಟಿತು. ಮಾವೋರಿಗೆ ಅಧಿಕೃತ ಭಾಷೆಯ ಸ್ಥಾನ ಸಿಕ್ಕಿದ್ದು 1987ರಲ್ಲಿ, ಆ ಶಾಲೆಗಳಿಗೆ ಕಾನೂನಿನ ಮಾನ್ಯತೆ ಸಿಕ್ಕಿದ್ದು 1989ರಲ್ಲಿ. ಅಷ್ಟರಲ್ಲಿ ಆ ಮಕ್ಕಳ ಜೊತೆ ಕುಳಿತು ಎಷ್ಟೋ ತಂದೆತಾಯಂದಿರು ತಾವೂ ಭಾಷೆ ಕಲಿಯತೊಡಗಿದ್ದರು.

ನಮಸ್ಕಾರ.